ಪ್ರಯೋಗಶಾಲಾ ಪರೀಕ್ಷೆಗೆ ಮಾದರಿ ನೀಡುವವರಿಗೆ ಮಾಹಿತಿ: ಲೇಬಲ್ ಬರಹ ಮತ್ತು ಸಲ್ಲಿಕೆಯ ಕ್ರಮ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರ ಉಪಯೋಗಕ್ಕಾಗಿ)

1. ಪೀಠಿಕೆ

ರೋಗವನ್ನು ಪತ್ತೆ ಹಚ್ಚಲು, ಚಿಕಿತ್ಸೆಯನ್ನು ನಿರ್ಧರಿಸಲು ಹಾಗೂ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ವೈದ್ಯರು ರಕ್ತ, ಕಫ, ಮೂತ್ರ, ಮಲ ಮುಂತಾದ ಮಾದರಿಗಳ ಪರೀಕ್ಷಾ ವರದಿಯನ್ನು ಅವಲಂಬಿಸುತ್ತಾರೆ. ಪರೀಕ್ಷಾ ಯಂತ್ರವು ರಕ್ತದಲ್ಲಿರುವ ಸಕ್ಕರೆಯ ಪ್ರಮಾಣವನ್ನು ತಿಳಿಸಬಲ್ಲದು. ಆದರೆ ಆ ರಕ್ತ ಯಾರದೆಂಬುದನ್ನು ತಿಳಿಸಲಾರದು. ಅದನ್ನು ತಿಳಿಸುವುದು ಟ್ಯೂಬ್ ಅಥವಾ ಡಬ್ಬಿಯ ಮೇಲೆ ಅಂಟಿಸಿರುವ ಲೇಬಲ್ ಮಾತ್ರ.

ಲೇಬಲ್ ಇಲ್ಲದ ಮಾದರಿಗೆ ವರದಿ ದೊರೆಯುವುದಿಲ್ಲ. ತಪ್ಪು ಲೇಬಲ್ ಇರುವ ಮಾದರಿಗೆ ವರದಿ ದೊರೆಯುತ್ತದೆ, ಆದರೆ ಅದು ಬೇರೊಬ್ಬರ ವರದಿಯಾಗಿರುತ್ತದೆ. ಮೊದಲನೆಯದರಿಂದ ಒಂದು ದಿನದ ಕೂಲಿ ಮತ್ತು ಬಸ್ ವೆಚ್ಚ ನಷ್ಟವಾಗಬಹುದು. ಎರಡನೆಯದರಿಂದ ಜೀವಕ್ಕೇ ಅಪಾಯ ಉಂಟಾಗಬಹುದು. ಇಬ್ಬರ ಮಾದರಿಗಳು ಅದಲುಬದಲಾದಲ್ಲಿ ತೊಂದರೆಗೆ ಒಳಗಾಗುವವರೂ ಇಬ್ಬರು: ರೋಗವಿಲ್ಲದವರಿಗೆ ಔಷಧ ನೀಡಲಾಗುತ್ತದೆ, ರೋಗವಿರುವವರು ಔಷಧವಿಲ್ಲದೆ ಮನೆಗೆ ಮರಳುತ್ತಾರೆ.

ಲೇಬಲ್ ಬರೆಯುವುದು ಸಿಬ್ಬಂದಿಯ ಕರ್ತವ್ಯ. ಆದರೆ ಅದು ಸರಿಯಾಗಿದೆಯೇ ಎಂದು ಸ್ಥಳದಲ್ಲಿಯೇ ನೋಡಿ ಹೇಳಬಲ್ಲವರು ರೋಗಿ ಅಥವಾ ಅವರೊಂದಿಗೆ ಬಂದವರು. ಆದ್ದರಿಂದ ಮಾದರಿ ನೀಡುವ ಪ್ರತಿಯೊಬ್ಬರೂ ಈ ಕೆಳಕಂಡ ಅಂಶಗಳನ್ನು ತಿಳಿದಿರುವುದು ಅವಶ್ಯಕ.

2. ಮಾದರಿಯನ್ನು ಎಲ್ಲಿ ನೀಡಬೇಕು

ಸಾಮಾನ್ಯ ಪರೀಕ್ಷೆಗಳಿಗೆ ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬೇಕು. ಅಲ್ಲಿ ಲಭ್ಯವಿಲ್ಲದ ಪರೀಕ್ಷೆಗಳಿಗೆ ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗಳಿಗೆ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ವೈದ್ಯರು ಕಳುಹಿಸುತ್ತಾರೆ. ಕೆಲವು ವಿಶೇಷ ಪರೀಕ್ಷೆಗಳಿಗೆ ರೋಗಿಯ ಬದಲು ಮಾದರಿಯೇ ಜಿಲ್ಲೆಯ ಹೊರಗಿನ ಪ್ರಯೋಗಶಾಲೆಗೆ ಪ್ರಯಾಣ ಮಾಡುತ್ತದೆ.

ಧರ್ಮಪುರ, ಶ್ರೀರಾಂಪುರ, ರಾಮಗಿರಿ ಅಥವಾ ತುರುವನೂರು ಭಾಗದ ಕೇಂದ್ರದಲ್ಲಿ ಪಡೆದ ಮಾದರಿಯು ಅಂತಿಮ ಪ್ರಯೋಗಶಾಲೆಯನ್ನು ತಲುಪುವ ವೇಳೆಗೆ ಹಲವರ ಕೈ ದಾಟಿರುತ್ತದೆ. ಅಲ್ಲಿನ ತಂತ್ರಜ್ಞರು ರೋಗಿಯನ್ನು ಕಂಡಿರುವುದಿಲ್ಲ. ಅನುಮಾನ ಬಂದಲ್ಲಿ ಕೇಳಲು ರೋಗಿಯು ಎದುರಿಗಿರುವುದಿಲ್ಲ. ಮಾದರಿ ದೂರ ಹೋದಷ್ಟೂ ಲೇಬಲ್ಲಿನ ಮಹತ್ವ ಹೆಚ್ಚುತ್ತದೆ.

3. ಹೆಸರು ಮಾತ್ರ ಸಾಲದು

ಈ ಜಿಲ್ಲೆಯಲ್ಲಿ ಒಂದೇ ಹೆಸರಿನ ಅನೇಕರು ಇರುವುದು ಸಾಮಾನ್ಯ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಭಕ್ತರ ಮನೆಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂಬ ಹೆಸರುಗಳು ಹೆಚ್ಚು. ಹಿರಿಯೂರಿನ ತೇರುಮಲ್ಲೇಶ್ವರನ ಹೆಸರನ್ನು ಹೊತ್ತ ಮಲ್ಲೇಶ, ಮಲ್ಲಿಕಾರ್ಜುನ ಎಂಬುವವರೂ ಅನೇಕರು. ಒಂದೇ ದಿನ ಬೆಳಿಗ್ಗೆ ಒಂದೇ ಪ್ರಯೋಗಶಾಲೆಗೆ ಇಬ್ಬರು ಅಥವಾ ಮೂವರು ತಿಪ್ಪೇಸ್ವಾಮಿಗಳು ಬರುವುದು ಅಸಂಭವವೇನಲ್ಲ. ಮೊಮ್ಮಗನಿಗೆ ತಾತನ ಹೆಸರನ್ನೇ ಇಡುವ ಪದ್ಧತಿಯಿಂದಾಗಿ ಒಂದೇ ಮನೆಯಲ್ಲಿಯೂ ಒಂದೇ ಹೆಸರಿನ ಇಬ್ಬರು ಇರಬಹುದು.

ಊರಿನ ಹೆಸರಿನಲ್ಲಿಯೂ ಇದೇ ತೊಡಕು ಇದೆ. ಗೊಲ್ಲರಹಟ್ಟಿ ಎಂಬ ಹೆಸರಿನ ಜನವಸತಿಗಳು ಜಿಲ್ಲೆಯಲ್ಲಿ ಒಂದಲ್ಲ, ಅನೇಕ ಇವೆ. ‘ತಿಪ್ಪೇಸ್ವಾಮಿ, ಗೊಲ್ಲರಹಟ್ಟಿ’ ಎಂದಷ್ಟೇ ಬರೆದ ಲೇಬಲ್ ಯಾರನ್ನೂ ಗುರುತಿಸುವುದಿಲ್ಲ.

ಆದಕಾರಣ ಪ್ರತಿ ಮಾದರಿಯ ಮೇಲೆ ರೋಗಿಯನ್ನು ಗುರುತಿಸುವ ಕನಿಷ್ಠ ಎರಡು ವಿವರಗಳು ಇರಬೇಕೆಂಬುದು ಎಲ್ಲೆಡೆ ಅನುಸರಿಸಲಾಗುವ ನಿಯಮ. ಪೂರ್ಣ ಹೆಸರು ಒಂದಾದರೆ, ಆಸ್ಪತ್ರೆಯ ನೋಂದಣಿ ಸಂಖ್ಯೆ ಮತ್ತೊಂದು. ಹಾಸಿಗೆ ಸಂಖ್ಯೆ ಅಥವಾ ವಾರ್ಡಿನ ಹೆಸರನ್ನು ಗುರುತಿನ ವಿವರವಾಗಿ ಪರಿಗಣಿಸುವಂತಿಲ್ಲ. ಹಾಸಿಗೆಯಲ್ಲಿರುವ ರೋಗಿ ಸಂಜೆಯ ವೇಳೆಗೆ ಬದಲಾಗಬಹುದು.

4. ಲೇಬಲ್ಲಿನಲ್ಲಿ ಇರಬೇಕಾದ ವಿವರಗಳು

(ಅ) ರೋಗಿಯ ಪೂರ್ಣ ಹೆಸರು, ತಂದೆ ಅಥವಾ ಪತಿಯ ಹೆಸರು ಸಹಿತ
(ಆ) ವಯಸ್ಸು ಮತ್ತು ಲಿಂಗ
(ಇ) ಹೊರರೋಗಿ ಅಥವಾ ಒಳರೋಗಿ ನೋಂದಣಿ ಸಂಖ್ಯೆ
(ಈ) ಮಾದರಿಯ ವಿಧ (ರಕ್ತ, ಕಫ, ಮೂತ್ರ ಇತ್ಯಾದಿ)
(ಉ) ಮಾದರಿ ಪಡೆದ ದಿನಾಂಕ ಮತ್ತು ವೇಳೆ
(ಊ) ಮಾದರಿ ಪಡೆದವರ ಚಿಕ್ಕ ಸಹಿ

ಲೇಬಲ್ಲನ್ನು ಟ್ಯೂಬ್ ಅಥವಾ ಡಬ್ಬಿಯ ಮೈಮೇಲೆ ಅಂಟಿಸಬೇಕು. ಮುಚ್ಚಳದ ಮೇಲೆ ಬರೆಯಬಾರದು. ಪರೀಕ್ಷೆಯ ವೇಳೆ ಹಲವು ಡಬ್ಬಿಗಳ ಮುಚ್ಚಳಗಳನ್ನು ಒಟ್ಟಿಗೆ ತೆಗೆಯುವುದರಿಂದ, ಮುಚ್ಚಳದ ಮೇಲಿನ ಹೆಸರು ಬೇರೆ ಡಬ್ಬಿಗೆ ಸೇರುವ ಸಂಭವವಿದೆ. ಬರಹವು ನೀರಿಗೆ ಅಳಿಸದ ಶಾಯಿಯಲ್ಲಿರಬೇಕು. ಗಾಜಿನ ಸ್ಲೈಡಿನ ಮೇಲೆ ಶಾಯಿಯು ಬಣ್ಣ ಹಾಕುವ ವೇಳೆ ತೊಳೆದುಹೋಗುವುದರಿಂದ ಅದಕ್ಕೆ ಪೆನ್ಸಿಲ್ ಬಳಸಲಾಗುತ್ತದೆ.

ಲೇಬಲ್ಲನ್ನು ರೋಗಿಯ ಎದುರಿನಲ್ಲಿ, ಮಾದರಿ ಪಡೆದ ಕೂಡಲೇ ಬರೆಯುವುದು ಸರಿಯಾದ ಕ್ರಮ. ಹಲವರ ರಕ್ತವನ್ನು ತೆಗೆದು, ಟ್ಯೂಬುಗಳನ್ನು ಒಂದೆಡೆ ಇಟ್ಟು, ನಂತರ ನೆನಪಿನಿಂದ ಹೆಸರು ಬರೆಯುವುದು ಅಪಾಯಕಾರಿ.

5. ಹೆಸರು ಹೇಳುವ ಕ್ರಮ

ರಕ್ತ ತೆಗೆಯುವ ಮುನ್ನ ಸಿಬ್ಬಂದಿಯು ‘ನಿಮ್ಮ ಹೆಸರೇನು? ತಂದೆಯ ಹೆಸರೇನು? ಯಾವ ಊರು?’ ಎಂದು ಕೇಳಬೇಕು. ರೋಗಿಯು ತಾನೇ ಹೇಳಬೇಕು. ‘ನೀವು ತಿಪ್ಪೇಸ್ವಾಮಿಯವರಲ್ಲವೇ?’ ಎಂದು ಕೇಳಿದಲ್ಲಿ, ಕಿವಿ ಸರಿಯಾಗಿ ಕೇಳಿಸದ ವೃದ್ಧರು ಅಥವಾ ಜ್ವರದಿಂದ ಬಳಲಿದವರು ಸುಮ್ಮನೆ ತಲೆಯಾಡಿಸಬಹುದು. ಆ ರೀತಿ ಕೇಳಿದಾಗಲೂ ರೋಗಿಯು ತನ್ನ ಪೂರ್ಣ ಹೆಸರು ಹಾಗೂ ಊರನ್ನು ಗಟ್ಟಿಯಾಗಿ ಹೇಳುವುದು ಒಳ್ಳೆಯದು.

ಮನೆಯಲ್ಲಿ ಕರೆಯುವ ಹೆಸರು ಮತ್ತು ಆಧಾರ್ ಕಾರ್ಡಿನಲ್ಲಿರುವ ಹೆಸರು ಬೇರೆಯಾಗಿದ್ದಲ್ಲಿ ಎಲ್ಲ ಕಾಗದಗಳಲ್ಲಿಯೂ ಆಧಾರ್ ಕಾರ್ಡಿನಲ್ಲಿರುವಂತೆಯೇ ಬರೆಯಿಸತಕ್ಕದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರನ್ನು ‘ಹೆಚ್’ ಅಕ್ಷರ ಸೇರಿಸಿಯೂ ಸೇರಿಸದೆಯೂ ಬರೆಯುವ ರೂಢಿ ಇದೆ. ಗಣಕಯಂತ್ರಕ್ಕೆ ಇವು ಎರಡು ಬೇರೆ ಬೇರೆ ಹೆಸರುಗಳು. ಹಿಂದಿನ ಚೀಟಿಯನ್ನು ತೋರಿಸಿದಲ್ಲಿ ಈ ವ್ಯತ್ಯಾಸವನ್ನು ತಪ್ಪಿಸಬಹುದು. 14 ಅಂಕಿಗಳ ಆಭಾ ಸಂಖ್ಯೆ ಇದ್ದವರು ಅದನ್ನೂ ತೋರಿಸಬಹುದು.

ಓದಲು ಬಾರದವರು ಲೇಬಲ್ಲಿನಲ್ಲಿ ಬರೆದಿರುವುದನ್ನು ಓದಿ ಹೇಳುವಂತೆ ಸಿಬ್ಬಂದಿಯನ್ನಾಗಲಿ, ಜೊತೆಯಲ್ಲಿರುವ ಆಶಾ ಕಾರ್ಯಕರ್ತೆಯನ್ನಾಗಲಿ ಕೇಳಬಹುದು. ಇದಕ್ಕೆ ಸಂಕೋಚ ಪಡಬೇಕಾಗಿಲ್ಲ.

6. ಪರೀಕ್ಷಾ ಕೋರಿಕೆ ಪತ್ರ

ಪ್ರತಿ ಮಾದರಿಯೊಂದಿಗೆ ವೈದ್ಯರು ಬರೆದ ಕೋರಿಕೆ ಪತ್ರ ಇರಬೇಕು. ಲೇಬಲ್ಲಿನಲ್ಲಿರುವ ಹೆಸರು ಮತ್ತು ಸಂಖ್ಯೆ, ಕೋರಿಕೆ ಪತ್ರದಲ್ಲಿರುವ ಹೆಸರು ಮತ್ತು ಸಂಖ್ಯೆ ಒಂದಕ್ಕೊಂದು ಹೊಂದಬೇಕು. ಇದಲ್ಲದೆ ಕೋರಿಕೆ ಪತ್ರದಲ್ಲಿ ಗ್ರಾಮ, ಗ್ರಾಮ ಪಂಚಾಯಿತಿ, ತಾಲ್ಲೂಕು, ಸಂಪರ್ಕಿಸಬಹುದಾದ ಮೊಬೈಲ್ ಸಂಖ್ಯೆ, ಕೋರಿದ ಪರೀಕ್ಷೆ, ರೋಗದ ಲಕ್ಷಣ ಮತ್ತು ಅದು ಆರಂಭವಾದ ದಿನಾಂಕ, ಸೇವಿಸುತ್ತಿರುವ ಔಷಧಗಳು, ವೈದ್ಯರ ಸಹಿ ಇರಬೇಕು.

ಮೊಬೈಲ್ ಸಂಖ್ಯೆಯನ್ನು ಅನೇಕರು ನಿರ್ಲಕ್ಷಿಸುತ್ತಾರೆ. ವರದಿಯಲ್ಲಿ ತುರ್ತು ಅಂಶ ಕಂಡುಬಂದಾಗ ರೋಗಿಯನ್ನು ಹುಡುಕಲು ಇರುವ ದಾರಿ ಅದೊಂದೇ ಆಗಿರಬಹುದು. ಸ್ವಂತ ಮೊಬೈಲ್ ಇಲ್ಲದವರು ಮನೆಯವರ ಸಂಖ್ಯೆಯನ್ನು ನೀಡಬೇಕು.

7. ಮಾದರಿವಾರು ಸೂಚನೆಗಳು

7.1 ರಕ್ತ

ರಕ್ತದ ಟ್ಯೂಬುಗಳ ಮುಚ್ಚಳದ ಬಣ್ಣ ಅಲಂಕಾರಕ್ಕಲ್ಲ. ಒಳಗಿರುವ ರಾಸಾಯನಿಕದ ಸೂಚನೆ. ನೇರಳೆ ಮುಚ್ಚಳದ ಟ್ಯೂಬನ್ನು ಹಿಮೋಗ್ಲೋಬಿನ್ ಹಾಗೂ ರಕ್ತಕಣಗಳ ಎಣಿಕೆಗೆ, ಬೂದು ಮುಚ್ಚಳದ ಟ್ಯೂಬನ್ನು ಸಕ್ಕರೆ ಪರೀಕ್ಷೆಗೆ, ಕೆಂಪು ಮುಚ್ಚಳದ ಟ್ಯೂಬನ್ನು ರಕ್ತ ಹೆಪ್ಪುಗಟ್ಟಿದ ನಂತರ ಸೀರಂ ಬೇರ್ಪಡಿಸಿ ಮಾಡುವ ಪರೀಕ್ಷೆಗಳಿಗೆ, ತಿಳಿನೀಲಿ ಮುಚ್ಚಳದ ಟ್ಯೂಬನ್ನು ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ಬಳಸಲಾಗುತ್ತದೆ. ಒಂದು ಟ್ಯೂಬಿನ ರಕ್ತವನ್ನು ಮತ್ತೊಂದಕ್ಕೆ ಸುರಿಯುವಂತಿಲ್ಲ. ಆದ್ದರಿಂದ ಒಬ್ಬರಿಂದಲೇ ಎರಡು ಮೂರು ಟ್ಯೂಬು ರಕ್ತ ಪಡೆದಲ್ಲಿ ಗಾಬರಿಯಾಗಬೇಕಿಲ್ಲ. ಆದರೆ ಪ್ರತಿ ಟ್ಯೂಬಿನ ಮೇಲೂ ಪ್ರತ್ಯೇಕ ಲೇಬಲ್ ಇದೆಯೇ ಎಂದು ನೋಡಬೇಕು.

ಸಕ್ಕರೆ ಪರೀಕ್ಷೆಯಲ್ಲಿ ವೇಳೆಯೂ ಗುರುತಿನಷ್ಟೇ ಮುಖ್ಯ. ಖಾಲಿ ಹೊಟ್ಟೆಯ ಪರೀಕ್ಷೆಗೆ ಕನಿಷ್ಠ 8 ಗಂಟೆ ಆಹಾರ ಸೇವಿಸಿರಬಾರದು, ನೀರು ಕುಡಿಯಬಹುದು. ಊಟದ ನಂತರದ ಮಾದರಿಯನ್ನು ಊಟ ಆರಂಭಿಸಿದ 2 ಗಂಟೆಗೆ ನೀಡಬೇಕು. ಎರಡೂ ಟ್ಯೂಬುಗಳ ಮೇಲೆ ‘ಊಟಕ್ಕೆ ಮುನ್ನ’, ‘ಊಟದ ನಂತರ’ ಎಂದು ಬರೆಯದಿದ್ದಲ್ಲಿ ಒಬ್ಬರದೇ ಎರಡು ಮಾದರಿಗಳು ಅದಲುಬದಲಾಗುತ್ತವೆ. ಬೆಳಿಗ್ಗೆ ಬಸ್ ಇಳಿದು ಚಹಾ ಕುಡಿದವರು ಅದನ್ನು ಮುಚ್ಚಿಡದೆ ತಿಳಿಸಬೇಕು.

7.2 ರಕ್ತ ಪೂರಣಕ್ಕೆ ಮುನ್ನ ನೀಡುವ ಮಾದರಿ

ಹೆರಿಗೆ, ಶಸ್ತ್ರಚಿಕಿತ್ಸೆ, ಅಪಘಾತ ಅಥವಾ ತೀವ್ರ ರಕ್ತಹೀನತೆಯ ಸಂದರ್ಭದಲ್ಲಿ ರಕ್ತ ನೀಡುವ ಮೊದಲು ರೋಗಿಯ ರಕ್ತದ ಗುಂಪು ಮತ್ತು ಹೊಂದಾಣಿಕೆಯನ್ನು ಪರೀಕ್ಷಿಸಲಾಗುತ್ತದೆ. ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು 1901ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಿಸಿದ ನಂತರವೇ ರಕ್ತ ಪೂರಣವು ಸುರಕ್ಷಿತ ಚಿಕಿತ್ಸೆಯಾಗುವ ದಾರಿ ತೆರೆಯಿತು. ಹೊಂದಾಣಿಕೆಯಾಗದ ಗುಂಪಿನ ರಕ್ತವು ಶರೀರವನ್ನು ಸೇರಿದಲ್ಲಿ ಸಾವು ಸಂಭವಿಸಬಹುದು.

ಈ ಮಾದರಿಯ ಲೇಬಲ್ಲಿನಲ್ಲಿ ಒಂದಕ್ಷರ ವ್ಯತ್ಯಾಸವಿದ್ದರೂ ರಕ್ತ ಕೇಂದ್ರವು ಅದನ್ನು ಹಿಂದಿರುಗಿಸಿ ಹೊಸ ಮಾದರಿಯನ್ನು ಕೇಳುತ್ತದೆ. ತುರ್ತಿನಲ್ಲಿರುವ ಸಂಬಂಧಿಕರಿಗೆ ಇದು ಕಿರುಕುಳವೆಂದು ತೋರಬಹುದು. ಆದರೆ ಈ ವಿಳಂಬ ರೋಗಿಯ ಜೀವರಕ್ಷಣೆಗಾಗಿಯೇ ಇರುವುದು. ಹಳೆಯ ಟ್ಯೂಬಿನ ಮೇಲೆ ಹೆಸರನ್ನು ತಿದ್ದಿಕೊಡುವಂತೆ ಸಿಬ್ಬಂದಿಯನ್ನು ಒತ್ತಾಯಿಸಬಾರದು. ರಕ್ತದ ಚೀಲವನ್ನು ಜೋಡಿಸುವ ಮುನ್ನ ಚೀಲದ ಮೇಲಿನ ಹೆಸರು, ಸಂಖ್ಯೆ ಮತ್ತು ಗುಂಪನ್ನು ಓದಿ ಹೇಳುವಂತೆ ರೋಗಿಯ ಕಡೆಯವರು ಕೇಳಬಹುದು.

7.3 ಕಫ

ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಮ್ಮು ಇರುವವರು ಕ್ಷಯರೋಗದ ಪರೀಕ್ಷೆ ಮಾಡಿಸಿಕೊಳ್ಳಬೇಕು. 1997ರಲ್ಲಿ ಪರಿಷ್ಕೃತ ರೂಪದಲ್ಲಿ ಆರಂಭವಾಗಿ 2020ರಿಂದ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮ ಎಂದು ಕರೆಯಲ್ಪಡುತ್ತಿರುವ ಯೋಜನೆಯಡಿ ಈ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ.

ಸಾಮಾನ್ಯವಾಗಿ ಎರಡು ಮಾದರಿ ಪಡೆಯಲಾಗುತ್ತದೆ: ಒಂದು ಕೇಂದ್ರಕ್ಕೆ ಬಂದಾಗ, ಮತ್ತೊಂದು ಬೆಳಿಗ್ಗೆ ಎದ್ದ ಕೂಡಲೇ. ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಕಫವನ್ನು ಹೊರತರಬೇಕು. ಇದನ್ನು ಬಯಲಿನಲ್ಲಿ, ಇತರರಿಂದ ದೂರ ನಿಂತು ಮಾಡಬೇಕು. ಪ್ರಮಾಣ 2ರಿಂದ 5 ಮಿಲಿ ಲೀಟರ್ ಇರಬೇಕು. ಜೊಲ್ಲು ಕಫವಲ್ಲ, ಅದರಲ್ಲಿ ರೋಗಾಣು ಕಾಣದಿದ್ದರೆ ರೋಗವಿಲ್ಲವೆಂದು ಹೇಳಲಾಗದು. ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಹೊರಮೈಗೆ ಕಫ ತಾಗಿಲ್ಲವೆಂದು ನೋಡಬೇಕು. ಎರಡು ಡಬ್ಬಿಗಳಿಗೆ ‘1’ ಮತ್ತು ‘2’ ಎಂಬ ಗುರುತಿನೊಂದಿಗೆ ದಿನಾಂಕವನ್ನು ಬರೆದಿರಬೇಕು.

ಟ್ರೂನ್ಯಾಟ್ ಮತ್ತು ಸಿಬಿನ್ಯಾಟ್ ಯಂತ್ರಗಳು ಎರಡು ಗಂಟೆಯ ಆಸುಪಾಸಿನಲ್ಲಿ ಕ್ಷಯದ ರೋಗಾಣುವನ್ನೂ, ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂಬುದನ್ನೂ ತಿಳಿಸುತ್ತವೆ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಆರು ವಾರಗಳವರೆಗೆ ಬೇಕಾಗುತ್ತದೆ. ಆರು ವಾರ ಕಾದ ನಂತರ ಲೇಬಲ್ ತಪ್ಪಾಗಿತ್ತೆಂದು ತಿಳಿದಲ್ಲಿ, ಆ ಕಾಲವೆಲ್ಲ ವ್ಯರ್ಥ. ಕ್ಷಯರೋಗದ ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. ತಪ್ಪು ಹೆಸರಿನ ಒಂದು ವರದಿಯಿಂದ ಆರೋಗ್ಯವಂತರೊಬ್ಬರು 6 ತಿಂಗಳು ಮಾತ್ರೆ ನುಂಗಬೇಕಾಗಬಹುದು. ರೋಗವಿರುವವರು ತಮ್ಮ ಮನೆಯವರಿಗೆ ಅದನ್ನು ಹರಡುತ್ತಿರಬಹುದು.

ರೋಗ ಖಚಿತವಾದವರಿಗೆ ನಿಕ್ಷಯ್ ತಂತ್ರಾಂಶದ ಗುರುತಿನ ಸಂಖ್ಯೆಯ ಆಧಾರದ ಮೇಲೆ ನಿಕ್ಷಯ್ ಪೋಷಣ್ ಯೋಜನೆಯ ನೆರವು ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. 2018ರ ಏಪ್ರಿಲ್‌ನಲ್ಲಿ ಮಾಸಿಕ ರೂ. 500ರಂತೆ ಆರಂಭವಾದ ಈ ನೆರವನ್ನು 2024ರ ನವೆಂಬರ್‌ನಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದೆ. ಮೊದಲ ಕೋರಿಕೆ ಪತ್ರದಲ್ಲಿಯೇ ಹೆಸರು ಸರಿಯಾಗಿದ್ದಲ್ಲಿ ಮುಂದೆ ಬ್ಯಾಂಕ್ ಖಾತೆಯ ಹೆಸರಿನೊಂದಿಗೆ ವ್ಯತ್ಯಾಸ ಬರುವುದು ತಪ್ಪುತ್ತದೆ.

7.4 ಮೂತ್ರ

ಮೂತ್ರವನ್ನು ಆಸ್ಪತ್ರೆಯಲ್ಲಿ ನೀಡಿದ ಡಬ್ಬಿಯಲ್ಲಿಯೇ ತರಬೇಕು. ಔಷಧ, ಎಣ್ಣೆ ಅಥವಾ ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ತಂದ ಮೂತ್ರದಲ್ಲಿ ಇಲ್ಲದ ಸಕ್ಕರೆ ಕಂಡೀತು, ಇರುವ ಅಂಶ ಮರೆಯಾದೀತು. ಸೋಂಕಿನ ಪರೀಕ್ಷೆಗೆ ಮೊದಲ ಧಾರೆಯನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿಯಬೇಕು ಹಾಗೂ 2 ಗಂಟೆಯೊಳಗೆ ಪ್ರಯೋಗಶಾಲೆಗೆ ತಲುಪಿಸಬೇಕು.

24 ಗಂಟೆಗಳ ಮೂತ್ರವನ್ನು ಕೇಳಿದಲ್ಲಿ, ಮೊದಲ ದಿನ ಬೆಳಿಗ್ಗೆಯ ಮೂತ್ರವನ್ನು ಬಿಟ್ಟು ವೇಳೆಯನ್ನು ಬರೆದಿಟ್ಟುಕೊಂಡು, ಆನಂತರದ ಎಲ್ಲ ಮೂತ್ರವನ್ನೂ, ಮರುದಿನ ಅದೇ ವೇಳೆಯ ಮೂತ್ರವನ್ನೂ ಸೇರಿಸಿ ಸಂಗ್ರಹಿಸಬೇಕು. ಆರಂಭ ಮತ್ತು ಮುಕ್ತಾಯದ ವೇಳೆ ಎರಡನ್ನೂ ಲೇಬಲ್ಲಿನಲ್ಲಿ ಬರೆಯಬೇಕು.

7.5 ಫ್ಲೋರೋಸಿಸ್ ಪರೀಕ್ಷೆಗೆ ಮೂತ್ರ ಮತ್ತು ನೀರು

ಚಿತ್ರದುರ್ಗ ಜಿಲ್ಲೆಯ ಹಲವು ಭಾಗಗಳ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವುದು ಕಂಡುಬಂದಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿ ಗ್ರಾಂ ಮೀರಬಾರದು. ಬೇರೆ ನೀರಿನ ಮೂಲವಿಲ್ಲದಲ್ಲಿ 1.5 ಮಿಲಿ ಗ್ರಾಂವರೆಗೆ ಅನುಮತಿಸಬಹುದು. ಹಲ್ಲಿನ ಮೇಲೆ ಕಂದು ಪಟ್ಟೆ, ಕೀಲು ನೋವು, ಬೆನ್ನು ಬಗ್ಗಿಸಲಾಗದಿರುವುದು ಮುಂತಾದ ಲಕ್ಷಣಗಳಿರುವವರ ಮೂತ್ರವನ್ನೂ, ಅವರು ಕುಡಿಯುವ ನೀರನ್ನೂ ಜೊತೆಯಾಗಿ ಪರೀಕ್ಷಿಸಿದಾಗ ಕಾರಣ ಸ್ಪಷ್ಟವಾಗುತ್ತದೆ.

ಈ ಎರಡೂ ಮಾದರಿಗಳನ್ನು ಗಾಜಿನ ಬಾಟಲಿಯಲ್ಲಿ ಅಲ್ಲದೆ ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀಡಬೇಕು. ನೀರಿನ ಬಾಟಲಿಯ ಮೇಲೆ ವ್ಯಕ್ತಿಯ ಹೆಸರಿನ ಬದಲು ನೀರಿನ ಮೂಲವನ್ನು ಬರೆಯಬೇಕು: ಯಾವ ಕೊಳವೆ ಬಾವಿ, ಯಾವ ಬೀದಿ, ಯಾವ ಗ್ರಾಮ, ಯಾವ ದಿನಾಂಕ. ಶುದ್ಧೀಕರಣ ಘಟಕದ ನೀರೋ, ನಲ್ಲಿ ನೀರೋ ಎಂಬುದನ್ನೂ ತಿಳಿಸಬೇಕು. ಒಂದೇ ಊರಿನಲ್ಲಿ ಒಂದು ಕೊಳವೆ ಬಾವಿಯ ನೀರು ಯೋಗ್ಯವಾಗಿದ್ದು ಮತ್ತೊಂದರದು ಅಯೋಗ್ಯವಾಗಿರಬಹುದು. ಮೂಲವನ್ನು ಬರೆಯದ ಬಾಟಲಿಯ ವರದಿಯಿಂದ ಯಾವುದನ್ನು ಮುಚ್ಚಬೇಕು, ಯಾವುದನ್ನು ಬಳಸಬೇಕು ಎಂಬುದು ತಿಳಿಯುವುದಿಲ್ಲ.

7.6 ಮಲ

ಮಲದ ಮಾದರಿಯಲ್ಲಿ ಮೂತ್ರ ಅಥವಾ ಶೌಚಾಲಯದ ನೀರು ಬೆರೆಯಬಾರದು. ಸ್ವಚ್ಛವಾದ ಕಾಗದ ಅಥವಾ ಒಣ ಪಾತ್ರೆಯ ಮೇಲೆ ವಿಸರ್ಜಿಸಿ, ಡಬ್ಬಿಯೊಂದಿಗೆ ನೀಡಿದ ಚಮಚದಿಂದ ಅಗತ್ಯವಿರುವಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು. ವಾಂತಿಭೇದಿಯ ಸಂದರ್ಭದಲ್ಲಿ ಸಾಧ್ಯವಾದಷ್ಟೂ ಪ್ರತಿಜೈವಿಕ ಔಷಧ ಆರಂಭಿಸುವ ಮುನ್ನವೇ ಮಾದರಿ ನೀಡಬೇಕು. ಆದರೆ ಮಾದರಿಗಾಗಿ ಕಾಯುತ್ತಾ ಓ.ಆರ್.ಎಸ್. ದ್ರಾವಣ ನೀಡುವುದನ್ನಾಗಲಿ, ಆಸ್ಪತ್ರೆಗೆ ಕರೆತರುವುದನ್ನಾಗಲಿ ತಡಮಾಡಬಾರದು.

2023ರ ಆಗಸ್ಟ್ ಮೊದಲ ವಾರದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಸೇವಿಸಿ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, ಕೆಲವರು ಮೃತಪಟ್ಟರು. ಇಂತಹ ವೇಳೆಯಲ್ಲಿ ಕಾರಣ ರೋಗಾಣುವೇ, ವಿಷವೇ, ಯಾವ ನಲ್ಲಿಯಿಂದ ಬಂದಿತು ಎಂಬ ಪ್ರಶ್ನೆಗಳಿಗೆ ಉತ್ತರ ನೀಡುವುದು ರೋಗಿಗಳ ಮಾದರಿ ಮತ್ತು ನೀರಿನ ಮಾದರಿಗಳೇ. ಯಾವ ಮನೆ, ಯಾವ ಬೀದಿ, ಕಾಯಿಲೆ ಆರಂಭವಾದ ದಿನ ಯಾವುದು ಎಂಬುದು ಲೇಬಲ್ ಮತ್ತು ಕೋರಿಕೆ ಪತ್ರದಲ್ಲಿ ಇದ್ದಲ್ಲಿ, ಉಳಿದ ಮನೆಗಳವರನ್ನು ರಕ್ಷಿಸಲು ಸಾಧ್ಯ.

7.7 ಜ್ವರದ ಪರೀಕ್ಷೆಗಳು

ಡೆಂಗ್ಯೂ ಪರೀಕ್ಷೆಯಲ್ಲಿ ಜ್ವರ ಆರಂಭವಾದ ದಿನಾಂಕವೇ ಮುಖ್ಯ. ಮೊದಲ 5 ದಿನಗಳಲ್ಲಿ ಎನ್‌ಎಸ್‌1 ಪರೀಕ್ಷೆಯೂ, ಆನಂತರ ಐಜಿಎಂ ಪರೀಕ್ಷೆಯೂ ಸೂಕ್ತ. ದಿನಾಂಕ ತಪ್ಪಾಗಿ ಹೇಳಿದಲ್ಲಿ ತಪ್ಪು ಪರೀಕ್ಷೆ ನಡೆದು, ಡೆಂಗ್ಯೂ ಇದ್ದರೂ ಇಲ್ಲವೆಂಬ ವರದಿ ಬರಬಹುದು. ಮಲೇರಿಯಾ ಪರೀಕ್ಷೆಗೆ ಬೆರಳಿನಿಂದ ತೆಗೆದ ರಕ್ತವನ್ನು ಸ್ಲೈಡಿನ ಮೇಲೆ ಲೇಪಿಸಿ ಸಂಖ್ಯೆ ಬರೆಯಲಾಗುತ್ತದೆ. ಆರೋಗ್ಯ ಕಾರ್ಯಕರ್ತರ ಪುಸ್ತಕದಲ್ಲಿ ಅದೇ ಸಂಖ್ಯೆಯ ಮುಂದೆ ತಮ್ಮ ಹೆಸರಿದೆಯೇ ಎಂದು ನೋಡಬಹುದು.

7.8 ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕು

ಗಂಟು ಅಥವಾ ಗೆಡ್ಡೆಯ ತುಣುಕನ್ನು ಪರೀಕ್ಷೆಗಾಗಿ ಬೇರೆ ಊರಿಗೆ ಒಯ್ಯಲು ರೋಗಿಯ ಕಡೆಯವರಿಗೆ ನೀಡುವುದುಂಟು. ಅದು ಶೇ. 10ರ ಫಾರ್ಮಲಿನ್ ದ್ರಾವಣದಲ್ಲಿ ಸಂಪೂರ್ಣ ಮುಳುಗಿರಬೇಕು, ನೀರಿನಲ್ಲಿಟ್ಟರೆ ಕೆಡುತ್ತದೆ. ಕ್ಷಯದ ರೋಗಾಣು ಬೆಳೆಸಿ ನೋಡಲು ಕಳುಹಿಸುವ ತುಣುಕನ್ನು ಮಾತ್ರ ಫಾರ್ಮಲಿನ್‌ನಲ್ಲಿ ಹಾಕುವಂತಿಲ್ಲ. ಶರೀರದ ಯಾವ ಭಾಗ, ಎಡವೋ ಬಲವೋ ಎಂಬುದು ಲೇಬಲ್ಲಿನಲ್ಲಿ ಇರಲೇಬೇಕು. ಇಂತಹ ಮಾದರಿಯನ್ನು ಮತ್ತೊಮ್ಮೆ ಪಡೆಯುವುದು ಸುಲಭವಲ್ಲವಾದ್ದರಿಂದ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಓದಿ ನೋಡತಕ್ಕದ್ದು.

8. ಗರ್ಭಿಣಿಯರು ಮತ್ತು ನವಜಾತ ಶಿಶುಗಳು

ಗರ್ಭಿಣಿಯರು ಪ್ರತಿ ಭೇಟಿಯಲ್ಲಿಯೂ ತಾಯಿ ಕಾರ್ಡನ್ನು ತರಬೇಕು. ತವರಿಗೆ ಹೆರಿಗೆಗೆ ಹೋಗುವವರು ಗಂಡನ ಮನೆಯ ಊರು ಮತ್ತು ತವರಿನ ಊರು ಎರಡನ್ನೂ ತಿಳಿಸಬೇಕು. ಇಲ್ಲವಾದಲ್ಲಿ ಒಬ್ಬರೇ ಎರಡು ಹೆಸರಿನಲ್ಲಿ ದಾಖಲಾಗುವ ಸಂಭವವಿದೆ. ನಾಮಕರಣವಾಗದ ಶಿಶುವಿನ ಮಾದರಿಯ ಮೇಲೆ ತಾಯಿಯ ಪೂರ್ಣ ಹೆಸರಿನೊಂದಿಗೆ ‘ಇವರ ಮಗು’ ಎಂದು ಬರೆದು, ಜನನದ ದಿನಾಂಕ, ವೇಳೆ ಮತ್ತು ಲಿಂಗವನ್ನು ನಮೂದಿಸಲಾಗುತ್ತದೆ. ಅವಳಿ ಮಕ್ಕಳಾದಲ್ಲಿ ‘ಮಗು 1’, ‘ಮಗು 2’ ಎಂದು ಪ್ರತ್ಯೇಕಿಸಬೇಕು. ತಾಯಿಯ ರಕ್ತ ಮತ್ತು ಮಗುವಿನ ರಕ್ತವನ್ನು ಒಟ್ಟಿಗೆ ಕಳುಹಿಸುವಾಗ ಹೆಚ್ಚಿನ ಎಚ್ಚರಿಕೆ ಅಗತ್ಯ.

9. ಗೋಪ್ಯತೆ

ಹೆಚ್.ಐ.ವಿ. ಪರೀಕ್ಷೆಗೆ ವ್ಯಕ್ತಿಯ ತಿಳಿವಳಿಕೆಯ ಒಪ್ಪಿಗೆ ಅಗತ್ಯ. 2017ರ ಹೆಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮವು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ವ್ಯಕ್ತಿಯ ಸ್ಥಿತಿಯನ್ನು ಗೋಪ್ಯವಾಗಿಡುವುದು ಕಾನೂನಿನ ಕಟ್ಟಳೆ. ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಗುರುತಿನ ಸಂಖ್ಯೆಯನ್ನು ಬಳಸಲಾಗುತ್ತದೆ. ಅಂತಹ ಸಂಖ್ಯೆ ಬರೆದ ಚೀಟಿಯನ್ನು ಕಳೆದುಕೊಳ್ಳಬಾರದು ಹಾಗೂ ಇತರರಿಗೆ ನೀಡಬಾರದು.

10. ಮಾದರಿಯನ್ನು ಒಯ್ಯುವ ಕ್ರಮ

ಮಾದರಿಯನ್ನು ಸ್ವತಃ ಒಯ್ಯಬೇಕಾದ ಸಂದರ್ಭದಲ್ಲಿ ಡಬ್ಬಿಯನ್ನು ಮೊದಲು ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಸುತ್ತ ಹತ್ತಿಯನ್ನಿರಿಸಿ, ಬಳಿಕ ಗಟ್ಟಿಯಾದ ಮತ್ತೊಂದು ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಕೋರಿಕೆ ಪತ್ರವನ್ನು ಮಾದರಿಯ ಡಬ್ಬಿಗೆ ಸುತ್ತಬಾರದು, ಪ್ರತ್ಯೇಕ ಚೀಲದಲ್ಲಿಡಬೇಕು. ಒದ್ದೆಯಾದ ಪತ್ರವನ್ನು ಓದಲಾಗದು, ಮುಟ್ಟಲೂ ಆಗದು.

ಬಸ್ಸಿನಲ್ಲಿ ಎಂಜಿನ್ ಬಳಿ ಅಥವಾ ಬಿಸಿಲು ಬೀಳುವ ಕಿಟಕಿಯ ಬಳಿ ಮಾದರಿಯನ್ನು ಇಡಬಾರದು. ತಂಪಿನಲ್ಲಿಡಲು ಸಿಬ್ಬಂದಿ ಸೂಚಿಸಿದ ಮಾದರಿಗೆ ಮಾತ್ರ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಾಪಮಾನದ ಐಸ್ ಪ್ಯಾಕ್ ಬಳಸಬೇಕು. ರಕ್ತದ ಮಾದರಿಯನ್ನು ಮಂಜುಗಡ್ಡೆಗಟ್ಟುವ ಫ್ರೀಜರಿನಲ್ಲಿಟ್ಟರೆ ಕಣಗಳು ಒಡೆದು ಮಾದರಿ ನಿಷ್ಪ್ರಯೋಜಕವಾಗುತ್ತದೆ.

11. ಮಾದರಿ ತಿರಸ್ಕೃತವಾಗುವ ಕಾರಣಗಳು

ಲೇಬಲ್ ಇಲ್ಲದಿರುವುದು, ಲೇಬಲ್ ಮತ್ತು ಕೋರಿಕೆ ಪತ್ರದ ಹೆಸರು ಹೊಂದದಿರುವುದು, ಬರಹ ಓದಲಾಗದಿರುವುದು, ಡಬ್ಬಿ ಸೋರಿರುವುದು ಅಥವಾ ಒಡೆದಿರುವುದು, ತಪ್ಪು ಟ್ಯೂಬಿನಲ್ಲಿ ರಕ್ತವಿರುವುದು, ಪ್ರಮಾಣ ಸಾಲದಿರುವುದು, ಹೆಪ್ಪುಗಟ್ಟಬಾರದ ರಕ್ತ ಹೆಪ್ಪುಗಟ್ಟಿರುವುದು, ಮಾದರಿ ತಡವಾಗಿ ತಲುಪಿರುವುದು.

ತಿರಸ್ಕೃತವಾದಲ್ಲಿ ಕಾರಣವನ್ನು ತಿಳಿಯುವುದು ಮತ್ತು ಮತ್ತೊಮ್ಮೆ ಮಾದರಿ ನೀಡುವುದು ಸರಿಯಾದ ಮಾರ್ಗ. ಬೆನ್ನುಹುರಿಯ ದ್ರವ, ಶಸ್ತ್ರಚಿಕಿತ್ಸೆಯ ತುಣುಕು ಮುಂತಾದ ಮತ್ತೆ ಪಡೆಯಲಾಗದ ಮಾದರಿಗಳ ವಿಷಯದಲ್ಲಿ ಮಾತ್ರ, ಮಾದರಿ ಪಡೆದ ವೈದ್ಯರೇ ಬಂದು ಗುರುತಿಸಿ ಲಿಖಿತವಾಗಿ ಹೊಣೆ ವಹಿಸಿದ ಬಳಿಕ ಪರೀಕ್ಷೆ ನಡೆಸುವುದುಂಟು.

12. ವರದಿ ಪಡೆಯುವಾಗ

ಮಾದರಿ ನೀಡಿದಾಗ ದೊರೆತ ಚೀಟಿಯನ್ನು ಜೋಪಾನವಾಗಿಡಬೇಕು. ವರದಿ ಕೈಗೆ ಬಂದ ಕೂಡಲೇ ಕೌಂಟರಿನ ಬಳಿಯೇ ಹೆಸರು, ವಯಸ್ಸು, ಲಿಂಗ, ಸಂಖ್ಯೆ ಮತ್ತು ಮಾದರಿ ಪಡೆದ ದಿನಾಂಕವನ್ನು ಚೀಟಿಯೊಂದಿಗೆ ಹೋಲಿಸಿ ನೋಡಬೇಕು. 60 ವರ್ಷದವರ ವರದಿಯಲ್ಲಿ 26 ಎಂದಿದ್ದರೆ ಅದು ಕೇವಲ ಬೆರಳಚ್ಚಿನ ದೋಷವಾಗಿರಬಹುದು. ಬೇರೊಬ್ಬರ ವರದಿಯೂ ಆಗಿರಬಹುದು. ಎರಡರಲ್ಲಿ ಯಾವುದೆಂದು ಪ್ರಯೋಗಶಾಲೆಯೇ ಪರಿಶೀಲಿಸಿ ಹೇಳಬೇಕು. ವರದಿಯ ಮೇಲೆ ರೋಗಿಯಾಗಲಿ, ಸಂಬಂಧಿಕರಾಗಲಿ ತಾವೇ ತಿದ್ದುಪಡಿ ಮಾಡುವಂತಿಲ್ಲ.

ರಕ್ತದ ಗುಂಪು ಹಿಂದಿನ ವರದಿಗಿಂತ ಬೇರೆಯಾಗಿದ್ದಲ್ಲಿ, ಅಥವಾ ಯಾವುದೇ ಲಕ್ಷಣವಿಲ್ಲದವರಿಗೆ ಗಂಭೀರ ರೋಗವಿದೆಯೆಂದು ವರದಿ ಬಂದಲ್ಲಿ, ಮರುಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬಹುದು. ಮರುಪರೀಕ್ಷೆಗೆ ಹಳೆಯ ಮಾದರಿಯಲ್ಲದೆ ಹೊಸ ಮಾದರಿ ನೀಡುವುದು ಉತ್ತಮ. ಅಲ್ಲಿಯವರೆಗೆ ವೈದ್ಯರ ಸಲಹೆಯಿಲ್ಲದೆ ಔಷಧ ಆರಂಭಿಸುವುದಾಗಲಿ, ನಿಲ್ಲಿಸುವುದಾಗಲಿ ಕೂಡದು.

13. ಸ್ಥಳ ಬಿಡುವ ಮುನ್ನ ನೋಡಬೇಕಾದ ಐದು ಅಂಶಗಳು

(1) ಲೇಬಲ್ಲಿನಲ್ಲಿರುವ ಹೆಸರು, ವಯಸ್ಸು ಮತ್ತು ಸಂಖ್ಯೆ ತಮ್ಮದೇ?
(2) ಕೋರಿಕೆ ಪತ್ರದಲ್ಲಿಯೂ ಅದೇ ವಿವರಗಳಿವೆಯೇ?
(3) ಲೇಬಲ್ ಡಬ್ಬಿಯ ಮೈಮೇಲೆ ಇದೆಯೇ, ಪ್ರತಿ ಟ್ಯೂಬಿಗೂ ಇದೆಯೇ?
(4) ದಿನಾಂಕ, ವೇಳೆ ಮತ್ತು ಮೊಬೈಲ್ ಸಂಖ್ಯೆ ಬರೆದಿದೆಯೇ?
(5) ವರದಿ ಯಾವಾಗ, ಎಲ್ಲಿ ದೊರೆಯುವುದೆಂಬ ಚೀಟಿ ಕೈಯಲ್ಲಿದೆಯೇ?

ಇವುಗಳಲ್ಲಿ ಯಾವುದಕ್ಕಾದರೂ ‘ಇಲ್ಲ’ ಎಂಬ ಉತ್ತರ ಬಂದಲ್ಲಿ ಅಲ್ಲಿಯೇ ಸರಿಪಡಿಸಿಕೊಳ್ಳತಕ್ಕದ್ದು.

14. ಸಂಪರ್ಕ

ಮಾದರಿ ಅಥವಾ ವರದಿಗೆ ಸಂಬಂಧಿಸಿದ ಅನುಮಾನಗಳಿಗೆ ಮೊದಲು ಸಂಬಂಧಪಟ್ಟ ಪ್ರಯೋಗಶಾಲೆಯ ತಂತ್ರಜ್ಞರನ್ನು, ನಂತರ ಆ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯವರನ್ನು ಸಂಪರ್ಕಿಸಬಹುದು. ಪರಿಹಾರ ದೊರೆಯದಿದ್ದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ ಅಥವಾ ಚಿತ್ರದುರ್ಗದ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರಿಗೆ ಚೀಟಿಯ ಪ್ರತಿಯೊಂದಿಗೆ ಲಿಖಿತ ಮನವಿ ಸಲ್ಲಿಸಬಹುದು. ಕ್ಷಯರೋಗದ ಮಾಹಿತಿಗೆ 1800-11-6666, ಹೆಚ್.ಐ.ವಿ. ಮಾಹಿತಿಗೆ 1097 ಉಚಿತ ದೂರವಾಣಿ ಸಂಖ್ಯೆಗಳಾಗಿವೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.